ಬೆರಳಿಗೆ ಅಂಟಿದ ಬೆಳ್ಳಿ

1951-52ರ ಮೊದಲ ಚುನಾವಣೆಯ ಹೊತ್ತಿಗೆ ಕೊಳ್ಳೇಗಾಲ ಇನ್ನೂ ಮದ್ರಾಸ್ ರಾಜ್ಯದಲ್ಲಿತ್ತು, ಪಕ್ಕದ ಯಳಂದೂರು ಮೈಸೂರಿನಲ್ಲಿ. ವಿಧಾನಸಭೆ ಬೇರೆಯಾದರೂ ತಲೆನೋವು ಒಂದೇ. ಫೋಟೊ ಇರುವ ಗುರುತಿನ ಚೀಟಿ ಇಲ್ಲದ ಕಾಲ. ಒಮ್ಮೆ ವೋಟು ಹಾಕಿದವನು ಇನ್ನೊಬ್ಬನ ಹೆಸರು ಹೇಳಿ ಮತ್ತೆ ಸಾಲಿಗೆ ಬಂದರೆ ಹಿಡಿಯುವುದು ಹೇಗೆ?

ಉತ್ತರ ಸಿಕ್ಕಿದ್ದು ರಸಾಯನಶಾಸ್ತ್ರದಲ್ಲಿ. ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಗುಲಿದರೆ ಕಲೆ ಬೀಳುತ್ತದೆಂಬುದು ಹಳೆಯ ಫೋಟೊಗ್ರಾಫರಿಗೆಲ್ಲ ಗೊತ್ತಿತ್ತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರು ಆ ಕಲೆಯನ್ನೇ ಕೆಲಸಕ್ಕೆ ಹಚ್ಚಿ, ವೋಟು ಹಾಕಿದವರ ಬೆರಳಿಗೆ ಬಳಿಯುವ ಶಾಯಿ ಮಾಡಿದರು. ಬೆವರಿನ ಉಪ್ಪಿನೊಂದಿಗೆ ಸಿಲ್ವರ್ ನೈಟ್ರೇಟ್ ಸೇರಿದಾಗ ಸಿಲ್ವರ್ ಕ್ಲೋರೈಡ್ ಆಗುತ್ತದೆ. ನೀರಿಗೆ ಕರಗದು, ಸೋಪಿಗೆ ಬಗ್ಗದು, ಬೆಳಕು ಬಿದ್ದಷ್ಟೂ ಕಪ್ಪಾಗುತ್ತದೆ. ಬೇಗ ಒಣಗಲೆಂದು ಆಲ್ಕೋಹಾಲು. ಹಳೆಯ ಚರ್ಮ ಉದುರಿ, ಉಗುರು ಬೆಳೆದು ಮುಂದೆ ಸರಿಯುವವರೆಗೂ ಗುರುತು ಹೋಗುವುದಿಲ್ಲ. ಪೂರ್ತಿ ಸೂತ್ರ ಇಂದಿಗೂ ಗುಟ್ಟು.

ಶಾಯಿ ತಯಾರಿಕೆಯ ಹೊಣೆ 1962ರಲ್ಲಿ ಬಂದದ್ದು ಮೈಸೂರಿನ ಒಂದು ಕಾರ್ಖಾನೆಗೆ. ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಆರಂಭಿಸಿದ್ದ ಅರಗು ಮತ್ತು ಬಣ್ಣದ ಕಾರ್ಖಾನೆ ಅದು. ಈಗ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ಲೋಕಸಭೆ, ವಿಧಾನಸಭೆ ಚುನಾವಣೆಗಳಲ್ಲಿ ದೇಶದ ಯಾವ ಮತಗಟ್ಟೆಗೆ ಹೋದರೂ ಅಲ್ಲಿನ ಪುಟ್ಟ ಬಾಟಲಿ ನಮ್ಮ ಮೈಸೂರಿನದೇ.

ಒಂದು ಕಳ್ಳವೋಟಿಗೆ ಇಷ್ಟೆಲ್ಲ ಯಾಕೆ ಎನ್ನುವವರು ಯಳಂದೂರಿನ ಕಡೆಯವರನ್ನು ಕೇಳಬೇಕು. 2004ರಲ್ಲಿ ಆ ಭಾಗದ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಸೋತವರ ಪರ ಒಬ್ಬನೇ ಒಬ್ಬ ಎರಡು ಸಲ ಹಾಕಿದ್ದರೂ ಲೆಕ್ಕ ಸಮಸಮವಾಗುತ್ತಿತ್ತು. ಮುಂದೆ ಆ ಕ್ಷೇತ್ರವೇ ಇಲ್ಲವಾಯಿತು, ಯಳಂದೂರು ಕೊಳ್ಳೇಗಾಲ ಕ್ಷೇತ್ರಕ್ಕೆ ಸೇರಿತು. 2023ರಲ್ಲಿ ಕೃಷ್ಣಮೂರ್ತಿ ಅಲ್ಲಿಂದಲೇ ಗೆದ್ದರು, ಈ ಸಲ ಅಂತರ 50 ಸಾವಿರಕ್ಕೂ ಹೆಚ್ಚು.

ಆದರೆ ಶಾಯಿ ತಡೆಯುವುದು ಎರಡನೆಯ ವೋಟನ್ನು ಮಾತ್ರ. ಮೊದಲನೆಯದನ್ನು ಹಾಕಿಸುವ ಶಕ್ತಿ ಅದಕ್ಕಿಲ್ಲ. ಹನೂರು ತಾಲ್ಲೂಕಿನ ಕಾಡಂಚಿನ ಇಂಡಿಗನತ್ತದಲ್ಲಿ 2024ರ ಏಪ್ರಿಲ್ 26ರಂದು ಲೋಕಸಭೆ ಚುನಾವಣೆ. ರಸ್ತೆ, ನೀರು, ಕರೆಂಟು ಕೊಡದೆ ವೋಟು ಕೇಳಬೇಡಿ ಎಂದಿದ್ದರು ಜನ. ಬಹಿಷ್ಕಾರ ಗಲಾಟೆಗೆ ತಿರುಗಿ ಮತಯಂತ್ರ ಪುಡಿಯಾಯಿತು. 29ಕ್ಕೆ ಮರುಮತದಾನ. ಮೊದಲ ದಿನ ಶಾಯಿ ಹಾಕಿಸಿಕೊಂಡವರ ತೋರುಬೆರಳಿನ ಗುರುತು ಮೂರೇ ದಿನಕ್ಕೆ ಅಳಿಯುವಂಥದ್ದಲ್ಲವಲ್ಲ! ಇಂಥ ಸಂದರ್ಭಕ್ಕೆಂದೇ ಚುನಾವಣಾ ಆಯೋಗದ ನಿಯಮವೊಂದಿದೆ: ಮರುಮತದಾನದಲ್ಲಿ ಶಾಯಿ ಎಡಗೈಯ ನಡುಬೆರಳಿಗೆ.