ಎರಡು ಕಿಲೋ ಬೊಂಬೆ, ಒಂದು ನಿಮಿಷದ ಪಾಠ

ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ – ಮೂರೂ ಊರುಗಳಿಂದ ಹಾಸನಕ್ಕೆ 30ರಿಂದ 40 ಕಿಲೋಮೀಟರ್ ಆಸುಪಾಸಿನ ದಾರಿ. 108 ವಾಹನ ಎಷ್ಟೇ ಜೋರಾಗಿ ಓಡಿದರೂ ಅರ್ಧ ಗಂಟೆ ಹಿಡಿಯುತ್ತದೆ. ಹುಟ್ಟಿದ ಕೂಸು ಅಳದೆ, ಉಸಿರೆಳೆಯದೆ ಮೆತ್ತಗೆ ಬಿದ್ದಿದ್ದರೆ ಅದಕ್ಕೆ ಗಾಳಿ ಕೊಡುವ ಕೆಲಸ ಒಂದು ನಿಮಿಷದೊಳಗೆ ಶುರುವಾಗಬೇಕು. ಹಾಸನದ ದೊಡ್ಡಾಸ್ಪತ್ರೆಯಲ್ಲಿ ಮಕ್ಕಳ ತಜ್ಞರಿದ್ದಾರೆ, ಯಂತ್ರಗಳಿವೆ. ಆದರೆ ಆ ನಿಮಿಷ ಕಳೆಯುವುದು ತಾಲ್ಲೂಕು ಆಸ್ಪತ್ರೆಯ ಲೇಬರ್ ರೂಮಿನಲ್ಲಿ, ಬಹಳ ಸಲ ಸ್ಟಾಫ್ ನರ್ಸ್ ಒಬ್ಬರ ಕೈಯಲ್ಲಿ.

ಆ ಕೈ ಪಳಗುವುದು ಎಲ್ಲಿ? ನರ್ಸಿಂಗ್ ವಿದ್ಯಾರ್ಥಿನಿ ತನ್ನ ಪೋಸ್ಟಿಂಗಿನಲ್ಲಿ ಹಲವು ಹೆರಿಗೆ ನೋಡುತ್ತಾಳೆ. ಹತ್ತು ಕೂಸುಗಳಲ್ಲಿ ಸುಮಾರು ಒಂಬತ್ತು ತಾವಾಗಿಯೇ ಉಸಿರಾಡುತ್ತವೆ. ಉಳಿದ ಒಂದಕ್ಕೂ ಮೈ ಒರೆಸಿ ಬೆನ್ನು ತಿಕ್ಕಿದರೆ ಸಾಕಾಗುವುದುಂಟು. ನಿಜಕ್ಕೂ ಕೈಯಲ್ಲಿ ಒತ್ತಿ ಗಾಳಿ ಕೊಡುವ ಅಂಬು ಬ್ಯಾಗ್ ಎತ್ತಿಕೊಳ್ಳಬೇಕಾದ ಗಳಿಗೆ ಬಂದಾಗ ಹಿರಿಯ ಸಿಸ್ಟರ್ ಮುಂದೆ ಬರುತ್ತಾರೆ, ವಿದ್ಯಾರ್ಥಿನಿ ಪಕ್ಕಕ್ಕೆ ಸರಿಯುತ್ತಾಳೆ. ಸರಿಯಲೇಬೇಕು, ಜೀವವಿರುವ ಕೂಸಿನ ಮೇಲೆ ತಪ್ಪು ಮಾಡಿ ಕಲಿಯುವ ಹಕ್ಕು ಯಾರಿಗೂ ಇಲ್ಲ. ಹೀಗೆ ನೋಡುವುದು ಬೇಕಾದಷ್ಟು, ಮಾಡುವುದು ಏನೂ ಇಲ್ಲ ಎಂಬಂತೆ ಓದು ಮುಗಿದುಬಿಡಬಹುದು.

ಈ ಕೊರತೆ ತುಂಬಲು ಬೊಂಬೆ ಹಿಡಿದವರಲ್ಲಿ ಮದಾಂ ದು ಕುದ್ರೇ ಎಂಬ ಫ್ರಾನ್ಸಿನ ಸೂಲಗಿತ್ತಿ ಮೊದಲಿಗರ ಸಾಲಿನಲ್ಲಿದ್ದಾರೆ. ಬಟ್ಟೆ, ಚರ್ಮಗಳಿಂದ ಅವರು ತಾಯಿಯ ಸೊಂಟವನ್ನೂ ಕೂಸನ್ನೂ ಹೊಲಿದರು. 1759ರಲ್ಲಿ ಹದಿನೈದನೇ ಲೂಯಿ ದೊರೆ ಅವರನ್ನು ಹಳ್ಳಿ ಹೆಂಗಸರಿಗೆ ಹೆರಿಗೆ ಕಲಿಸಲು ನೇಮಿಸಿದ. ಅವರು ಊರೂರು ಸುತ್ತಿ ಕಲಿಸಿದರು. ಅವರ ಒಂದು ಬೊಂಬೆ ರುವಾನ್ ನಗರದ ವಸ್ತುಸಂಗ್ರಹಾಲಯದಲ್ಲಿ ಈಗಲೂ ಇದೆ. ಎರಡು ಶತಮಾನದ ಬಳಿಕ, 1960ರಲ್ಲಿ, ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೆರ್ಡಾಲ್ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದನ್ನು ಕಲಿಸಲು ‘ರೆಸಸಿ ಆ್ಯನ್’ ಎಂಬ ಆಳೆತ್ತರದ ಬೊಂಬೆ ತಂದರು. ಅದೇ ಮನೆತನದ ಸಂಸ್ಥೆಯ ಶಿಶು ಬೊಂಬೆ ‘ನಿಯೋನಾಟಲಿ’. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2010ರಲ್ಲಿ ಆರಂಭಿಸಿದ ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ತರಬೇತಿಯ ಜೀವಾಳ ಅದು.

ನೋಡಲು ಸರಳ. ಒಳಗೆ ಕಂಪ್ಯೂಟರಿಲ್ಲ, ವಿದ್ಯುತ್ ಬೇಡ. ಖಾಲಿಯಿದ್ದಾಗ ಮಡಚಿ ಚೀಲಕ್ಕೆ ಹಾಕಿಕೊಳ್ಳಬಹುದು. ಸುಮಾರು ಎರಡು ಲೀಟರ್ ಬೆಚ್ಚನೆಯ ನೀರು ತುಂಬಿದರೆ ಎರಡು ಕಿಲೋ ತೂಗುತ್ತದೆ. ಕೈಕಾಲು ಜೋಲುತ್ತವೆ, ಕತ್ತು ನಿಲ್ಲುವುದಿಲ್ಲ, ಮೈ ಬೆಚ್ಚಗಿರುತ್ತದೆ. ಹಿಡಿಯಲು ಹೋದವಳ ಅಂಗೈ ತಾನಾಗಿ ಕೂಸಿನ ತಲೆಯ ಕೆಳಗೆ ಹೋಗುತ್ತದೆ. ಬೊಂಬೆಯಿಂದ ಹೊರಟ ಕೊಳವೆಗಳ ತುದಿಯ ರಬ್ಬರ್ ಬುರುಡೆಗಳು ಕಲಿಸುವವರ ಕೈಯಲ್ಲಿ. ಒಂದನ್ನು ಅಮುಕಿದರೆ ಹೊಕ್ಕುಳ ಬಳ್ಳಿ ಮಿಡಿಯುತ್ತದೆ, ಇನ್ನೊಂದನ್ನು ಅಮುಕಿದರೆ ಎದೆ ಏರಿಳಿಯುತ್ತದೆ.

ಕಠಿಣ ಪಾಠ ಬ್ಯಾಗಿನ ತುದಿಯ ಮಾಸ್ಕಿನದು. ಅದು ಗದ್ದದ ತುದಿ, ಬಾಯಿ, ಮೂಗನ್ನು ಮುಚ್ಚಬೇಕು, ಕಣ್ಣಿಗೆ ತಾಗಬಾರದು, ಅಂಚಿನಲ್ಲಿ ಗಾಳಿ ಸೋರಬಾರದು. ತಲೆ ಹೂವು ಮೂಸುವವರ ಹಾಗೆ ತುಸುವೇ ಮೇಲೆದ್ದಿರಬೇಕು. ಗಾಬರಿಯಲ್ಲಿ ತಲೆಯನ್ನು ಪೂರ್ತಿ ಹಿಂದಕ್ಕೆ ಬಾಗಿಸಿದರೂ, ಮುಂದಕ್ಕೆ ಮಡಚಿದರೂ ಶ್ವಾಸನಾಳ ಕಿರಿದಾಗುತ್ತದೆ. ಬೊಂಬೆಯಲ್ಲಿ ತಪ್ಪು ಕಣ್ಣಿಗೇ ಕಾಣುತ್ತದೆ: ಬ್ಯಾಗ್ ಎಷ್ಟು ಒತ್ತಿದರೂ ಎದೆ ಏಳುವುದಿಲ್ಲ. ಮಾಸ್ಕ್ ಸರಿಪಡಿಸಿ, ತಲೆ ಸರಿಪಡಿಸಿ ಮತ್ತೆ ಒತ್ತಬೇಕು, ನಿಮಿಷಕ್ಕೆ ಸುಮಾರು 40 ಸಲ, ‘ಉಸಿರು, ಎರಡು, ಮೂರು’ ಎಂದು ಎಣಿಸುತ್ತ.

ಎದೆ ಏಳುವುದಕ್ಕೆ ಇಷ್ಟು ಮಹತ್ವ ಯಾಕೆಂದರೆ, ಗರ್ಭದಲ್ಲಿ ಕೂಸಿನ ಶ್ವಾಸಕೋಶದ ತುಂಬ ದ್ರವವಿರುತ್ತದೆ. ಮೊದಲ ಉಸಿರುಗಳು ಅದನ್ನು ಸರಿಸಿ ಗಾಳಿಗೆ ಜಾಗ ಮಾಡಬೇಕು. ಹೆರಿಗೆಯಲ್ಲಿ ಆಮ್ಲಜನಕ ಕಡಿಮೆಯಾಗಿ ಸೋತ ಕೂಸಿಗೆ ಆ ಶಕ್ತಿ ಇರುವುದಿಲ್ಲ. ಉಸಿರು ನಿಂತು ಹೃದಯ ಬಡಿತ ಇಳಿಯುತ್ತ ಹೋಗುತ್ತದೆ. ಗಾಳಿ ಒಳಹೋದರೆ ಹೆಚ್ಚಿನ ಕೂಸುಗಳಲ್ಲಿ ಬಡಿತ ತಾನಾಗಿ ಏರುತ್ತದೆ.

ಬೊಂಬೆಯ ಪಾಠದಿಂದ ನಿಜವಾಗಿ ಕೂಸುಗಳು ಉಳಿಯುತ್ತವೆಯೇ? ಇದಕ್ಕೆ ಒಂದು ಉತ್ತರ ನಮ್ಮ ಕರ್ನಾಟಕದಿಂದಲೇ ಬಂದಿದೆ. ಬೆಳಗಾವಿಯ ಕೆಎಲ್‌ಇ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ಹಳ್ಳಿಯ ಆರೋಗ್ಯ ಕೇಂದ್ರಗಳಿಂದ ನಗರದ ಆಸ್ಪತ್ರೆಗಳವರೆಗೆ 599 ಹೆರಿಗೆ ಸಿಬ್ಬಂದಿಗೆ ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ತರಬೇತಿ ಕೊಡಿಸಿದರು. 2013ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ಸತ್ತೇ ಹುಟ್ಟುವ ಕೂಸುಗಳ ಪ್ರಮಾಣ ಶೇ 3.0ರಿಂದ 2.3ಕ್ಕೆ ಇಳಿಯಿತು. ಹೆರಿಗೆಗೆ ಸ್ವಲ್ಪ ಮುಂಚೆಯಷ್ಟೇ ತೀರಿಕೊಂಡವು ಎಂದು ಬರೆದುಕೊಳ್ಳುವ ಕೂಸುಗಳದ್ದು ಶೇ 1.7ರಿಂದ 0.9ಕ್ಕೆ ಇಳಿಯಿತು. ಅಂದರೆ ಹಿಂದೆ ಸತ್ತು ಹುಟ್ಟಿದವೆಂದು ಬದಿಗಿಟ್ಟ ಕೆಲವು ಕೂಸುಗಳ ಹೃದಯ ಇನ್ನೂ ಮಿಡಿಯುತ್ತಿದ್ದಿರಬೇಕು. ಇಡೀ ಲೆಕ್ಕದಲ್ಲಿ ಮನಸ್ಸು ಕಲಕುವ ಸಂಗತಿ ಇದು. ಹುಟ್ಟಿದ ನಂತರದ ಸಾವು ಮಾತ್ರ ಕಡಿಮೆಯಾಗಲಿಲ್ಲ. ಸೋಂಕು, ತಣ್ಣಗಾಗುವ ಮೈ, ದಿನ ತುಂಬದ ಹೆರಿಗೆ – ಇವಕ್ಕೆ ಬೇರೆಯದೇ ಆರೈಕೆ ಬೇಕು. ಆ ಆರೈಕೆಯಲ್ಲೂ ಬೊಂಬೆಗೆ ಕೆಲಸವಿದೆ: ದಿನ ತುಂಬದ ಕೂಸಿನ ಅಳತೆಯ ಬೊಂಬೆಗಳ ಮೇಲೆ ನಳಿಕೆಯಲ್ಲಿ ಹಾಲು ಕೊಡುವುದನ್ನೂ, ತಾಯಿಯ ಎದೆಗೆ ಚರ್ಮ ತಾಗುವಂತೆ ಕಟ್ಟುವುದನ್ನೂ ಅಭ್ಯಾಸ ಮಾಡಬಹುದು. ನಮ್ಮ ಕಡೆಯ ಒಳಲೆಯಲ್ಲಿ ಹನಿಹನಿಯಾಗಿ ಕುಡಿಸುವುದಕ್ಕೂ ಕೈ ಹದ ಬೇಕು.

ತಾಂಜಾನಿಯಾದ ಹೈಡಮ್ ಎಂಬ ಹಳ್ಳಿಯ ಆಸ್ಪತ್ರೆಯ ಅನುಭವ ಇನ್ನೂ ಸ್ಪಷ್ಟ. ಒಂದು ದಿನದ ತರಬೇತಿಯ ನಂತರ ಸಿಬ್ಬಂದಿ ಬೊಂಬೆಯ ಮೇಲೆ ಚೆನ್ನಾಗಿ ಮಾಡಿ ತೋರಿಸಿದರು. ಲೇಬರ್ ರೂಮಿನ ಕೆಲಸ ಮಾತ್ರ ಹಿಂದಿನಂತೆಯೇ ಇತ್ತು. ಆಮೇಲೆ ಅಲ್ಲಿಯೇ, ಕೆಲಸದ ನಡುವೆ, ಕೆಲವೇ ನಿಮಿಷದ ಅಭ್ಯಾಸವನ್ನು ಮತ್ತೆ ಮತ್ತೆ ಮಾಡಿಸಿದರು. ಹುಟ್ಟಿದ 24 ಗಂಟೆಯೊಳಗಿನ ಸಾವು ಸಾವಿರಕ್ಕೆ 11.1ರಿಂದ 7.2ಕ್ಕೆ ಇಳಿದದ್ದು ಆಗ.

ಭಾರತದಲ್ಲಿ 2009ರಲ್ಲಿ ಶುರುವಾದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ ಸಿಬ್ಬಂದಿಗೆ ಬ್ಯಾಗ್, ಮಾಸ್ಕ್ ಬಳಕೆ ಕಲಿಸುತ್ತಿದೆ. ಭಾರತೀಯ ನರ್ಸಿಂಗ್ ಪರಿಷತ್ತಿನ 2021ರ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮ ಬೊಂಬೆಯ ಪಾಠಕ್ಕೆ ಜಾಗ ಕೊಟ್ಟಿದೆ. ಹಾಸನದ ಕಾಲೇಜಿನಲ್ಲಿ ಪಾಸಾಗಿ ಅರಕಲಗೂಡಿಗೋ ಹೊಳೆನರಸೀಪುರಕ್ಕೋ ಕೆಲಸಕ್ಕೆ ಹೋದವಳಿಗೆ ಬ್ಯಾಗ್ ಒತ್ತುವ ಸಂದರ್ಭ ಮತ್ತೆ ಬರಲು ವಾರಗಳೇ ಬೇಕಾಗಬಹುದು. ಕಲಿತ ಕೈ ಅಷ್ಟರಲ್ಲಿ ಮರೆಯುತ್ತದೆ. ಹಾಗಾಗಿ ಬೊಂಬೆ ಕಾಲೇಜಿನ ಬೀರುವಿನಲ್ಲಷ್ಟೇ ಇದ್ದರೆ ಸಾಲದು, ತಾಲ್ಲೂಕು ಆಸ್ಪತ್ರೆಯಲ್ಲಿ ಕೂಸನ್ನು ಬೆಚ್ಚಗಿಡುವ ವಾರ್ಮರ್ ಪಕ್ಕದಲ್ಲೂ ಇರಬೇಕು. ಶಿಫ್ಟ್ ಬದಲಾಗುವ ಹೊತ್ತಿಗೆ ಇಬ್ಬರು ಸಿಸ್ಟರ್‌ಗಳು ನಿಂತು, ಒಬ್ಬರು ಮಾಸ್ಕ್ ಹಿಡಿದು, ಇನ್ನೊಬ್ಬರು ಎದೆ ಏರಿತೇ ಎಂದು ನೋಡಿ, ಆಮೇಲೆ ಜಾಗ ಬದಲಿಸಿಕೊಳ್ಳಲು ಐದು ನಿಮಿಷ ಸಾಕು.