ಬಾಯಿ, ಗಂಟಲಿನ ಕ್ಯಾನ್ಸರ್: ಚಿಕಿತ್ಸೆಯ ಏಳು ವಾರ ದಾಟುವುದು ಹೇಗೆ?

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕ್ರಮ ನಮಗೆಲ್ಲ ತಿಳಿದದ್ದೇ. ಮಳೆ ಹಿಡಿಯುವ ಮುಂಚೆ ಒಂದು ಸಲ, 40–45 ದಿನ ಕಳೆದು ಇನ್ನೊಂದು ಸಲ. ಎರಡನೆಯದು ತಪ್ಪಿದರೆ ಮೊದಲನೆಯದಕ್ಕೆ ಮಾಡಿದ ಖರ್ಚೂ ನೀರುಪಾಲು. ಬಾಯಿ ಮತ್ತು ಗಂಟಲಿನ ಕ್ಯಾನ್ಸರಿನ ಚಿಕಿತ್ಸೆಯೂ ಹೀಗೆಯೇ. ಅದನ್ನು ನಡುವಿನಲ್ಲಿ ಬಿಟ್ಟರೆ ಉಳಿದ ರೋಗ ಪುನಃ ಚಿಗುರುತ್ತದೆ. ಅನೇಕರು ಬಿಡುವುದು ರೋಗದ ಕಷ್ಟದಿಂದಲ್ಲ, ಚಿಕಿತ್ಸೆಯ ಕಷ್ಟ ತಡೆಯಲಾರದೆ. ಆ ಕಷ್ಟಗಳನ್ನು ಹೇಗೆ ಸಂಭಾಳಿಸಬಹುದೆಂದು ಈ ಸಲ ನೋಡೋಣ.

ನಮ್ಮ ಕಾಸರಗೋಡಿನ ಕಡೆ ಎಲೆ, ಅಡಿಕೆ, ಹೊಗೆಸೊಪ್ಪು ಹಾಕಿಕೊಳ್ಳುವ ಅಭ್ಯಾಸ ಹಳೆಯದು. ಹೊಗೆಸೊಪ್ಪು ಸೇರಿಸದ ಬರೀ ಅಡಿಕೆಯನ್ನು ಜಗಿಯುವುದರಿಂದಲೂ ಕ್ಯಾನ್ಸರ್ ಬರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಅಡಿಕೆ ಬೆಳೆದು ಬದುಕುವ ನಮಗೆ ಇದು ಕಹಿ ಮಾತು. ಆದರೂ ಮುಚ್ಚಿಡುವಂತಹದ್ದಲ್ಲ.

ಚಿಕಿತ್ಸೆ ಎಂದರೇನು?

ಬಾಯಿಯ ಕ್ಯಾನ್ಸರಿಗೆ ಸಾಮಾನ್ಯವಾಗಿ ಮೊದಲು ಆಪರೇಶನ್, ಅಗತ್ಯವಿದ್ದರೆ ಆಮೇಲೆ ವಿಕಿರಣ. ಗಂಟಲಿನ ಕ್ಯಾನ್ಸರಿಗೆ ಅನೇಕ ಸಲ ಆಪರೇಶನ್ ಇಲ್ಲದೆ ವಿಕಿರಣ ಮತ್ತು ಕೀಮೋ ಔಷಧವನ್ನು ಜೊತೆಯಾಗಿ ಕೊಡುತ್ತಾರೆ. ಜನರು ‘ಕರೆಂಟು ಕೊಡುವುದು’ ಎನ್ನುವುದು ಈ ವಿಕಿರಣಕ್ಕೇ. ವಾರಕ್ಕೆ 5 ದಿನದಂತೆ 6ರಿಂದ 7 ವಾರ, ಒಟ್ಟು 30–35 ಸಲ. ಕೀಮೋಗೆ ಹೆಚ್ಚಾಗಿ ಬಳಸುವ ಔಷಧ ಸಿಸ್‌ಪ್ಲಾಟಿನ್. ಇದನ್ನು ವಾರಕ್ಕೊಮ್ಮೆ ಅಥವಾ ಮೂರು ವಾರಕ್ಕೊಮ್ಮೆ ಕೊಡುತ್ತಾರೆ. ಇದು ವಿಕಿರಣದ ಬಲವನ್ನು ಹೆಚ್ಚಿಸುತ್ತದೆ. ಜೊತೆಗೆ ಅಡ್ಡ ಪರಿಣಾಮವನ್ನೂ ಹೆಚ್ಚಿಸುತ್ತದೆ.

ಹೊರಗಿನ ಯಂತ್ರದಿಂದ ವಿಕಿರಣ ಪಡೆದವರ ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ. ಮನೆಗೆ ಬಂದ ಅಜ್ಜ ಮೊಮ್ಮಕ್ಕಳನ್ನು ಧಾರಾಳವಾಗಿ ಎತ್ತಿಕೊಳ್ಳಬಹುದು. ಕ್ಯಾನ್ಸರ್ ಅಂಟುರೋಗವೂ ಅಲ್ಲ. ತಟ್ಟೆ, ಲೋಟ ಬೇರೆ ಇಟ್ಟು ರೋಗಿಯ ಮನಸ್ಸನ್ನು ನೋಯಿಸಬೇಡಿ.

ಆರಂಭಕ್ಕೆ ಮುಂಚೆ

ಮೊದಲು ಹಲ್ಲಿನ ಡಾಕ್ಟರನ್ನು ಕಾಣಬೇಕು. ಕೆಟ್ಟ ಹಲ್ಲು ತೆಗೆಯಲಿಕ್ಕಿದ್ದರೆ ಈಗಲೇ ತೆಗೆಸಿ, ಗಾಯ ಮಾಯಲು ಎರಡು ವಾರದಷ್ಟು ಸಮಯ ಕೊಡಬೇಕು. ವಿಕಿರಣ ತಾಗಿದ ದವಡೆಯ ಮೂಳೆಗೆ ಗಾಯ ಮಾಯಿಸುವ ಶಕ್ತಿ ಕಡಿಮೆ. ಆದುದರಿಂದ ಚಿಕಿತ್ಸೆ ಮುಗಿದು ವರ್ಷಗಳಾದ ಮೇಲೂ ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಹಲ್ಲು ಕೀಳಿಸಬಾರದು.

ಎಲೆ ಅಡಿಕೆ, ಬೀಡಿ, ಶೇಂದಿ, ಸಾರಾಯಿ ಎಲ್ಲವನ್ನೂ ಆ ದಿನದಿಂದಲೇ ನಿಲ್ಲಿಸಬೇಕು. ಬೀಡಿ ಸೇದುತ್ತಿದ್ದರೆ ವಿಕಿರಣದ ಫಲ ಕಡಿಮೆಯಾಗುತ್ತದೆ, ಬಾಯಿಯ ಹುಣ್ಣು ಹೆಚ್ಚುತ್ತದೆ.

ಬಾಯಿ ಹುಣ್ಣು

ಎರಡನೇ ಅಥವಾ ಮೂರನೇ ವಾರದಲ್ಲಿ ಬಾಯಿ ಕೆಂಪಾಗಿ, ಉರಿಯಾಗಿ, ಹುಣ್ಣೇಳುತ್ತದೆ. ರುಚಿ ಹೋಗುತ್ತದೆ, ಜೊಲ್ಲು ದಪ್ಪವಾಗಿ ಅಂಟಂಟಾಗುತ್ತದೆ. ಚಿಕಿತ್ಸೆಯ ಕೊನೆಯ ದಿನಗಳಲ್ಲಿ ಮತ್ತು ಮುಗಿದ ನಂತರದ ಒಂದೆರಡು ವಾರ ಕಷ್ಟ ಅತಿ ಹೆಚ್ಚು. ಆಮೇಲೆ ಮೆಲ್ಲಮೆಲ್ಲನೆ ಇಳಿಯುತ್ತದೆ. ಹುಣ್ಣಾಯಿತೆಂದರೆ ರೋಗ ಹೆಚ್ಚಿತೆಂದು ಅರ್ಥವಲ್ಲ.

ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡ ಹಾಕಿ ಇಟ್ಟುಕೊಳ್ಳಿ. ಎರಡು ಗಂಟೆಗೊಮ್ಮೆ, ಊಟದ ನಂತರ ಹಾಗೂ ಮಲಗುವ ಮುಂಚೆ ಬಾಯಿ ಮುಕ್ಕಳಿಸಿ ಉಗುಳಬೇಕು. ದಿನವೂ ಹೊಸತು ಮಾಡಿ. ಮೆತ್ತಗಿನ ಬ್ರಶ್ಶಿನಿಂದ ಹಲ್ಲುಜ್ಜುವುದನ್ನು ಬಿಡಬಾರದು. ನಾಲಗೆಯಲ್ಲಿ ಬಿಳಿ ಪದರ ಕಂಡರೆ ಶಿಲೀಂಧ್ರದ ಸೋಂಕು ಇರಬಹುದು. ಅದಕ್ಕೆ ಔಷಧ ಉಂಟು.

ನೋವನ್ನು ಸಹಿಸಿ ಕೂರುವುದು ದೊಡ್ಡಸ್ತಿಕೆಯಲ್ಲ. ಊಟಕ್ಕೆ ಅರ್ಧ ಗಂಟೆ ಮುಂಚೆ ನೋವಿನ ಔಷಧ ತೆಗೆದುಕೊಂಡರೆ ನಾಲ್ಕು ಚಮಚ ಹೆಚ್ಚು ಇಳಿಯುತ್ತದೆ. ಮಾರ್ಫಿನ್ ಸಾಯುವವರಿಗೆ ಮಾತ್ರ ಎಂಬ ಮಾತು ಸುಳ್ಳು. ಹುಣ್ಣು ಮಾಯುತ್ತಿದ್ದಂತೆ ಡಾಕ್ಟರರು ಅದನ್ನು ಕಡಿಮೆ ಮಾಡಿ ನಿಲ್ಲಿಸುತ್ತಾರೆ. ಆದರೆ ಅಂಗಡಿಯಿಂದ ಸ್ವಂತವಾಗಿ ನೋವಿನ ಮಾತ್ರೆ ತಂದು ನುಂಗಬಾರದು. ಸಿಸ್‌ಪ್ಲಾಟಿನ್ ಪಡೆಯುವವರ ಮೂತ್ರಪಿಂಡಕ್ಕೆ ಕೆಲವು ಮಾತ್ರೆಗಳಿಂದ ಹಾನಿಯಾದೀತು.

ಊಟ

ತೂಕ ಇಳಿಯದಂತೆ ನೋಡಿಕೊಳ್ಳುವುದು ಔಷಧದಷ್ಟೇ ಮುಖ್ಯ. ಬರೀ ಗಂಜಿತಿಳಿ ಸಾಲದು, ಅದರಲ್ಲಿ ಮೈಕಟ್ಟುವ ಸತ್ವ ಇಲ್ಲವೆನ್ನುವಷ್ಟು ಕಡಿಮೆ. ಮೆತ್ತಗೆ ಬೇಯಿಸಿದ ಗಂಜಿಗೆ ಹೆಸರುಬೇಳೆ ಅರೆದು ಸೇರಿಸಿ. ರಾಗಿಮಣ್ಣಿ, ಹಾಲು, ಚೆನ್ನಾಗಿ ಬೇಯಿಸಿ ಹಿಸುಕಿದ ಮೊಟ್ಟೆ, ಮುಳ್ಳು ತೆಗೆದ ಮೀನು ಒಳ್ಳೆಯದು. ಮೂರು ಹೊತ್ತಿನ ಬದಲು ಆರು ಏಳು ಸಲ ಸ್ವಲ್ಪ ಸ್ವಲ್ಪ ಕೊಡಿ. ಮೆಣಸು, ಹುಳಿ, ಉಪ್ಪಿನಕಾಯಿ, ಬಿಸಿಬಿಸಿ ಚಹಾ ಬೇಡ.

ನುಂಗಲಾಗದಿದ್ದರೆ ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕುತ್ತಾರೆ. ಇದಕ್ಕೆ ಹೆದರಿ ಆಸ್ಪತ್ರೆಯನ್ನೇ ಬಿಟ್ಟು ಬರುವವರುಂಟು. ನಳಿಗೆ ಎಂದರೆ ‘ಇನ್ನು ಮುಗಿಯಿತು’ ಎಂದಲ್ಲ. ಅದು ಹುಣ್ಣು ಮಾಯುವ ತನಕದ ಕಾಲುಸಂಕ. ಕುಳ್ಳಿರಿಸಿಯೇ ಆಹಾರ ಕೊಡಬೇಕು, ಆಮೇಲೆ ಒಂದು ಗಂಟೆ ಮಲಗಿಸಬಾರದು, ನಳಿಗೆಯನ್ನು ಶುದ್ಧ ನೀರಿನಿಂದ ತೊಳೆಯಬೇಕು. ಡಾಕ್ಟರರು ಬೇಡವೆನ್ನದಿದ್ದರೆ ನಳಿಗೆ ಇದ್ದಾಗಲೂ ದಿನವೂ ಕೆಲವು ಗುಟುಕು ನೀರು ನುಂಗುತ್ತಿರಬೇಕು. ಇಲ್ಲವಾದರೆ ಗಂಟಲಿಗೆ ನುಂಗುವ ಅಭ್ಯಾಸ ತಪ್ಪಿಹೋಗುತ್ತದೆ.

ತಪಸ್ಸುಕಾಲ ಬಂತೆಂದು ರೋಗಿಗಳು ಉಪವಾಸ ಹಿಡಿಯಬೇಕಾಗಿಲ್ಲ. ಧರ್ಮಸಭೆಯ ಉಪವಾಸದ ನಿಯಮ ಅವರನ್ನು ಕಟ್ಟಿಹಾಕುವುದಿಲ್ಲ.

ಚರ್ಮ

ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿಯುತ್ತದೆ. ಬೈರಾಸಿನಿಂದ ಉಜ್ಜಬೇಡಿ, ಬ್ಲೇಡಿನಿಂದ ಗಡ್ಡ ಬೋಳಿಸಬೇಡಿ, ಕುತ್ತಿಗೆಯ ಸರ ತೆಗೆದಿಡಿ. ಅರಸಿನ, ಸೊಪ್ಪಿನ ರಸ ಹಚ್ಚುವುದು ಬೇಡ. ಆಸ್ಪತ್ರೆಯಲ್ಲಿ ಹೇಳಿದ ಮುಲಾಮು ಮಾತ್ರ ಸಾಕು. ಬಿಸಿಲಿನಲ್ಲಿ ತೋಟದ ಕೆಲಸ, ಮದ್ದು ಬಿಡುವ ಕೆಲಸ ಈ ಸಮಯದಲ್ಲಿ ಬೇರೆಯವರಿಗೆ ಬಿಡಿ.

ಅದೇ ದಿನ ತಿಳಿಸಬೇಕಾದ್ದು

ಕೀಮೋ ಆದ ಒಂದೆರಡು ವಾರದಲ್ಲಿ ರಕ್ತದ ಬಿಳಿಕಣಗಳು ಇಳಿಯುತ್ತವೆ. ಮನೆಯಲ್ಲಿ ಥರ್ಮಾಮೀಟರ್ ಇರಲಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ನಡುರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಬೇಕು. ಜ್ವರದ ಮಾತ್ರೆ ಕೊಟ್ಟು ಬೆಳಗಾಗಲಿ ಎಂದು ಕಾಯಬಾರದು. ಇವುಗಳನ್ನೂ ತಡಮಾಡದೆ ತಿಳಿಸಬೇಕು: ಮೂತ್ರ ಕಡಿಮೆಯಾಗುವುದು, ನಿಲ್ಲದ ವಾಂತಿ, ಕಿವಿಯಲ್ಲಿ ಗುಂಯ್‌ಗುಡುವುದು, ನೀರು ಕುಡಿದರೆ ಕೆಮ್ಮು ಬರುವುದು, ಬಾಯಿಯಿಂದ ರಕ್ತ, ಉಸಿರಾಡಲು ಕಷ್ಟ. ವಾಂತಿಯ ಮಾತ್ರೆಯನ್ನು ವಾಂತಿ ಬಾರದಿದ್ದರೂ ಹೇಳಿದಷ್ಟು ದಿನ ಕೊಡಬೇಕು.

ದಿನ ತಪ್ಪಿಸಬೇಡಿ

ನಮ್ಮವರು ಮಂಗಳೂರಿಗೋ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ ದಿನವೂ ಹೋಗಿಬರುವುದು ಸುಲಭವಲ್ಲ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ರೋಗಿಗಳು ಪಟ್ಟ ಪಾಡು ಮರೆಯುವಂತಹದ್ದಲ್ಲ. ಬಿಟ್ಟುಹೋದ ಒಂದೊಂದು ದಿನವೂ ರೋಗ ಹತೋಟಿಗೆ ಬರುವ ಸಾಧ್ಯತೆಯನ್ನು ಕಡಿಮೆ ಮಾಡುತ್ತದೆ. ಬಸ್ಸು ಮುಷ್ಕರವೋ ಮಳೆಯೋ ಬಂದು ಒಂದು ದಿನ ತಪ್ಪಿದರೆ ಆಸ್ಪತ್ರೆಗೆ ಅಂದೇ ಫೋನು ಮಾಡಿ. ಆ ದಿನವನ್ನು ಸರಿತೂಗಿಸುವ ಉಪಾಯ ಅವರಲ್ಲಿ ಉಂಟು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗಾರನಿಗೂ ರೈಲಿನಲ್ಲಿ ರಿಯಾಯಿತಿ ಸಿಗುತ್ತದೆ. ಡಾಕ್ಟರರಿಂದ ನಿಗದಿತ ಪ್ರಮಾಣಪತ್ರ ಬರೆಸಿಕೊಳ್ಳಬೇಕು. ಕೇರಳದಲ್ಲಿ 2008ರ ಪಾಲಿಯೇಟಿವ್ ನೀತಿಯಂತೆ ಪಂಚಾಯತಿನ ಮೂಲಕ ನರ್ಸು ಮನೆಗೆ ಬರುವ ವ್ಯವಸ್ಥೆಯೂ ಉಂಟು. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ.

ಮುಗಿದ ಮೇಲೆ

ಬಾಯಿ ಒಣಗುವುದು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಇರುತ್ತದೆ. ನೀರಿನ ಬಾಟ್ಲಿ ಜೊತೆಗಿರಲಿ, ಫ್ಲೋರೈಡ್ ಇರುವ ಪೇಸ್ಟು ಬಳಸಿ. ದವಡೆ ಬಿಗಿಯದಂತೆ ದಿನವೂ ಹಲವು ಸಲ ಬಾಯಿ ಅಗಲಿಸುವ ವ್ಯಾಯಾಮ ಮಾಡಬೇಕು. ಥೈರಾಯ್ಡ್ ಗ್ರಂಥಿ ಕುಂದುವ ಸಂಭವ ಇರುವುದರಿಂದ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ.

ಈ ಏಳು ವಾರ ಒಬ್ಬ ರೋಗಿಯಿಂದ ಅಥವಾ ಅವರ ಮನೆಯವರಿಂದ ಮಾತ್ರ ದಾಟುವಂತಹದ್ದಲ್ಲ. ನೆರೆಯವರಲ್ಲಿ ಒಬ್ಬರು ಆಸ್ಪತ್ರೆಗೆ ಜೊತೆಯಾಗಿ ಹೋದರೆ, ಇನ್ನೊಬ್ಬರು ತೋಟಕ್ಕೆ ನೀರು ಬಿಟ್ಟು ಹಟ್ಟಿಯ ದನಕ್ಕೆ ಹುಲ್ಲು ಹಾಕಿದರೆ, ಚಿಕಿತ್ಸೆಯ ಒಂದು ದಿನವೂ ತಪ್ಪದು. ನಮ್ಮ ವಾಳೆಯಲ್ಲಿ ಅಂತಹ ಮನೆ ಇದೆಯೋ ಎಂದು ಈ ಭಾನುವಾರವೇ ವಿಚಾರಿಸೋಣ.