ಫ್ಲಾಸ್ಕಿನಿಂದ ರಿಯಾಕ್ಟರಿಗೆ: ಥಾಣೆ ಪಟ್ಟಿಯ ಪ್ರೊಸೆಸ್ ಕೆಮಿಸ್ಟರು

ಥಾಣೆ ಖಾಡಿಯ ಪೂರ್ವ ದಂಡೆಯಲ್ಲಿ ಐರೋಲಿಯಿಂದ ಬೇಲಾಪುರದವರೆಗೆ ಚಾಚಿ, ಮುಂದೆ ತಳೋಜಾವನ್ನೂ ಒಳನಾಡಿನ ಕಡೆ ಡೊಂಬಿವಲಿ, ಕಲ್ಯಾಣ, ಅಂಬರನಾಥಗಳನ್ನೂ ಒಳಗೊಳ್ಳುವ ಕೈಗಾರಿಕಾ ಪಟ್ಟಿಯು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಭಾರತದ ರಸಾಯನ ಉದ್ಯಮದ ಮುಖ್ಯ ನೆಲೆಗಳಲ್ಲಿ ಒಂದಾಗಿದೆ. ಬಟ್ಟೆಯ ಬಣ್ಣ, ಔಷಧಗಳ ಮೂಲದ್ರವ್ಯ, ಕೀಟನಾಶಕ, ಶಾಂಪೂವಿಗೆ ನೊರೆ ಕೊಡುವ ವಸ್ತು, ಟಯರಿನ ರಬ್ಬರಿಗೆ ಬೇಕಾದ ರಾಸಾಯನಿಕ ಮುಂತಾದವು ಇಲ್ಲಿ ತಯಾರಾಗುತ್ತವೆ. ಇಂಥ ವಸ್ತುಗಳನ್ನು ಟನ್ನುಗಟ್ಟಲೆ, ಪ್ರತಿ ಸಲವೂ ಒಂದೇ ಗುಣಮಟ್ಟದಲ್ಲಿ, ಮಾರುಕಟ್ಟೆ ತಾಳುವ ಬೆಲೆಗೆ, ಯಾರ ಜೀವಕ್ಕೂ ಎರವಾಗದಂತೆ ತಯಾರಿಸುವ ಕ್ರಮವನ್ನು ರೂಪಿಸಿ ಅದನ್ನು ಕಾರ್ಖಾನೆಯಲ್ಲಿ ನೆಲೆಗೊಳಿಸುವವರನ್ನು ಪ್ರಕ್ರಿಯಾ ರಸಾಯನಜ್ಞರು, ಉದ್ಯಮದ ಮಾತಿನಲ್ಲಿ ಪ್ರೊಸೆಸ್ ಕೆಮಿಸ್ಟರು ಎನ್ನುತ್ತಾರೆ.

ಹೊಸ ಅಣುವೊಂದನ್ನು ಕಂಡುಹಿಡಿಯುವುದು ಇವರ ಕೆಲಸವಲ್ಲ. ಕಂಡುಹಿಡಿದಾಗಿರುವ ಅಣುವನ್ನು ಯಾವ ಮಾರ್ಗವಾಗಿ ತಯಾರಿಸಬೇಕೆಂಬುದು ಇವರ ಪ್ರಶ್ನೆ. ಒಂದು ಔಷಧವನ್ನು ಐದು ಹಂತಗಳಲ್ಲಿ ತಯಾರಿಸಬೇಕಾಗಿದ್ದು ಪ್ರತಿ ಹಂತದ ಇಳುವರಿ ಶೇ. 90 ಇದ್ದರೆ ಕೊನೆಗೆ ಕೈಗೆ ಬರುವುದು ಶೇ. 59 ಮಾತ್ರ, ಹಂತದ ಇಳುವರಿ ಶೇ. 80ಕ್ಕೆ ಇಳಿದರೆ ಶೇ. 33 ಮಾತ್ರ, ಆದುದರಿಂದ ಒಂದು ಹಂತವನ್ನು ಕಡಿತಗೊಳಿಸುವುದೇ ದೊಡ್ಡ ಲಾಭ. ನೋವು ನಿವಾರಕ ಐಬುಪ್ರೊಫೇನ್ ಇದಕ್ಕೆ ಪಠ್ಯಪುಸ್ತಕಗಳೂ ಒಪ್ಪಿದ ಉದಾಹರಣೆ. ಬ್ರಿಟನ್ನಿನ ಬೂಟ್ಸ್ ಕಂಪನಿ 1960ರ ದಶಕದಲ್ಲಿ ರೂಪಿಸಿದ ಆರು ಹಂತಗಳ ಮಾರ್ಗದಲ್ಲಿ, ಹಾಕಿದ ಕಚ್ಚಾವಸ್ತುಗಳ ಪರಮಾಣುಗಳ ತೂಕದಲ್ಲಿ ಸುಮಾರು ಶೇ. 40 ಮಾತ್ರ ಔಷಧದೊಳಗೆ ಸೇರಿ, ಉಳಿದದ್ದು ತ್ಯಾಜ್ಯವಾಗುತ್ತಿತ್ತು. 1992ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಆರಂಭವಾದ ಕಾರ್ಖಾನೆಯಲ್ಲಿ ಮೂರೇ ಹಂತಗಳ ಮಾರ್ಗವನ್ನು ಅಳವಡಿಸಿದಾಗ ಆ ಪ್ರಮಾಣ ಸುಮಾರು ಶೇ. 77ಕ್ಕೇರಿತು. ಮಾತ್ರೆ ನುಂಗುವವರಿಗೆ ಎರಡರ ನಡುವೆ ವ್ಯತ್ಯಾಸವೇ ತಿಳಿಯದು, ಪ್ರೊಸೆಸ್ ಕೆಮಿಸ್ಟರಿಗೆ ಹೆಸರೂ ಸಿಗದು.

ಪ್ರಯೋಗಾಲಯದ ಗಾಜಿನ ಫ್ಲಾಸ್ಕಿನಲ್ಲಿ ಸಲೀಸಾಗಿ ನಡೆದ ಕ್ರಿಯೆ ಕಾರ್ಖಾನೆಯ ದೊಡ್ಡ ಪಾತ್ರೆಯಲ್ಲಿ, ಅಂದರೆ ರಿಯಾಕ್ಟರಿನಲ್ಲಿ, ಹಾಗೆಯೇ ನಡೆಯುವುದಿಲ್ಲವೆಂಬುದು ಈ ವೃತ್ತಿಯ ಮೂಲಪಾಠ. ಹೊರಗೆ ಶಾಖ ಬಿಡುವ ಕ್ರಿಯೆಗೆ ಬಹಿರುಷ್ಣಕ ಕ್ರಿಯೆ ಎಂದು ಹೆಸರು. ಹುಟ್ಟುವ ಶಾಖ ಪಾತ್ರೆಯೊಳಗಿನ ದ್ರವದ ಗಾತ್ರವನ್ನು ಅನುಸರಿಸಿ ಹೆಚ್ಚುತ್ತದೆ, ಆದರೆ ಅದು ಹೊರಹೋಗಬೇಕಾದದ್ದು ಪಾತ್ರೆಯ ಗೋಡೆಯ ಮೂಲಕ. ಒಂದು ಲೀಟರಿನ ಪಾತ್ರೆಯನ್ನು ಅದೇ ಆಕಾರದಲ್ಲಿ 5,000 ಲೀಟರಿಗೆ ಹಿಗ್ಗಿಸಿದರೆ ದ್ರವ 5,000 ಪಟ್ಟಾದರೂ ಗೋಡೆಯ ವಿಸ್ತೀರ್ಣ ಹೆಚ್ಚುವುದು ಸುಮಾರು 290 ಪಟ್ಟು ಮಾತ್ರವಾದ್ದರಿಂದ, ಪ್ರತಿ ಲೀಟರಿನ ಪಾಲಿಗೆ ಸಿಗುವ ತಂಪಿನ ಮೈ ಹದಿನೇಳರಲ್ಲಿ ಒಂದು ಭಾಗಕ್ಕೆ ಕುಗ್ಗುತ್ತದೆ. ಚೊಂಬಿನ ನೀರಿಗಿಂತ ಹಂಡೆಯ ನೀರು ತಡವಾಗಿ ಆರುವುದಕ್ಕೂ ಕಾರಣ ಇದೇ. ಶಾಖ ಹೊರಹೋಗದೆ ಉಳಿದರೆ ಉಷ್ಣತೆ ಏರುತ್ತದೆ, ಉಷ್ಣತೆ ಏರಿದಷ್ಟೂ ಕ್ರಿಯೆಯ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಷ್ಟೂ ಇನ್ನಷ್ಟು ಶಾಖ ಹುಟ್ಟುತ್ತದೆ. ಹೀಗೆ ಕ್ರಿಯೆ ಹಿಡಿತ ತಪ್ಪಿ ಓಡುವುದನ್ನು ಉದ್ಯಮದಲ್ಲಿ ‘ರನ್‌ಅವೇ’ ಎನ್ನುತ್ತಾರೆ. 2007ರ ಡಿಸೆಂಬರ್ 19ರಂದು ಅಮೆರಿಕದ ಜ್ಯಾಕ್ಸನ್‌ವಿಲ್‌ನ ಟಿ2 ಲ್ಯಾಬೊರೇಟರೀಸ್ ಎಂಬ ಸಣ್ಣ ಕಾರ್ಖಾನೆಯಲ್ಲಿ ನಾಲ್ವರು ಸತ್ತದ್ದು ಇದರಿಂದಲೇ. ಒಂದು ಲೀಟರಿನ ಪಾತ್ರೆಯಲ್ಲಿ ಪರೀಕ್ಷಿಸಿದ ಕ್ರಿಯೆಯನ್ನು ನಡುವಿನ ಮೆಟ್ಟಿಲುಗಳಿಲ್ಲದೆ ಒಂಬತ್ತು ಸಾವಿರ ಲೀಟರಿಗೂ ಮಿಕ್ಕಿದ ರಿಯಾಕ್ಟರಿಗೆ ಒಯ್ಯಲಾಗಿತ್ತು, ತಂಪುನೀರು ನಿಂತರೆ ಅದರ ಬದಲಿಗೆ ಬೇರೆ ವ್ಯವಸ್ಥೆಯಿರಲಿಲ್ಲವೆಂದು ತನಿಖೆ ತಿಳಿಸಿತು.

ಆ ನಡುವಿನ ಮೆಟ್ಟಿಲುಗಳೇ ಪ್ರೊಸೆಸ್ ಕೆಮಿಸ್ಟರ ನಿತ್ಯದ ಕಾರ್ಯಕ್ಷೇತ್ರ: ಮೊದಲು ಗ್ರಾಂ ಲೆಕ್ಕದ ಪ್ರಯೋಗ, ಅನಂತರ ಕಿಲೋ ಲ್ಯಾಬ್, ಆಮೇಲೆ ಕೆಲವು ನೂರು ಲೀಟರಿನ ಪೈಲಟ್ ಪ್ಲಾಂಟ್, ಕೊನೆಗೆ ಕಾರ್ಖಾನೆ. ಪ್ರಯೋಗಾಲಯದಲ್ಲಿ ಹತ್ತು ನಿಮಿಷದಲ್ಲಿ ಸೋಸಿ ಮುಗಿಯುವ ಹರಳು ಪ್ಲಾಂಟಿನಲ್ಲಿ ಇಡೀ ಒಂದು ಶಿಫ್ಟನ್ನೇ ತೆಗೆದುಕೊಳ್ಳಬಹುದಾದ್ದರಿಂದ ಅಷ್ಟು ಹೊತ್ತು ವಸ್ತು ಕೆಡದೆ ನಿಲ್ಲುವುದೇ ಎಂಬುದನ್ನು ಮುಂಚಿತವಾಗಿ ಅರಿಯಬೇಕು. ಎಲ್ಲ ಕಚ್ಚಾವಸ್ತುವನ್ನೂ ಒಮ್ಮೆಗೇ ಸುರಿಯುವ ಬದಲು ಶಾಖದ ಮೇಲೆ ಕಣ್ಣಿಟ್ಟು ಗಂಟೆಗಟ್ಟಲೆ ಸ್ವಲ್ಪಸ್ವಲ್ಪವಾಗಿ ಬಿಡಬೇಕು. ಆಮ್ಲವು ಉಕ್ಕನ್ನು ತಿನ್ನುವ ಕಡೆ ಒಳಮೈಗೆ ಗಾಜಿನ ಲೇಪವಿರುವ ರಿಯಾಕ್ಟರನ್ನು ಆರಿಸಬೇಕು. ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಪ್ರಯೋಗಾಲಯಗಳಿಗೆ ಪ್ರಿಯವಾದ ಈಥರ್ ಎಂಬ ದ್ರಾವಕ 35 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ ಕುದಿಯುವುದರಿಂದ ಕಲ್ಯಾಣದ ಏಪ್ರಿಲ್–ಮೇ ತಿಂಗಳ ಮಧ್ಯಾಹ್ನಗಳಿಗೆ ಅದು ಹೇಳಿ ಮಾಡಿಸಿದ್ದಲ್ಲ. ನೀರು ಆವಿಯಾಗುವುದರ ಮೂಲಕ ತಂಪು ಕೊಡುವ ಕೂಲಿಂಗ್ ಟವರುಗಳು ಕರಾವಳಿಯ ಮಳೆಗಾಲದ ತೇವಭರಿತ ಗಾಳಿಯಲ್ಲಿ ಒಣನಾಡಿನಲ್ಲಿ ಕೊಡುವಷ್ಟು ತಂಪನ್ನು ಕೊಡಲಾರವು. ಬಯಲುಸೀಮೆಯ ಪ್ಲಾಂಟಿನಲ್ಲಿ ಬರೆದ ಬ್ಯಾಚ್ ಶೀಟನ್ನು, ಅಂದರೆ ತಯಾರಿಕೆಯ ಹಂತಹಂತದ ವಿಧಾನದ ಹಾಳೆಯನ್ನು, ತಳೋಜಾಕ್ಕೆ ತಂದು ಅಕ್ಷರಶಃ ಪಾಲಿಸಿದರೆ ಸಾಲದೆಂಬುದು ಇದರಿಂದ ಸ್ಪಷ್ಟ.

ಕಲ್ಯಾಣದ ಪಕ್ಕದ ಶಹಾಡಿನಲ್ಲಿರುವ ಸೆಂಚುರಿ ರೇಯಾನ್ ಕಾರ್ಖಾನೆಯ ವಿಧಾನ ಈ ವೃತ್ತಿಯ ಇನ್ನೊಂದು ಮುಖವನ್ನು ತೋರಿಸುತ್ತದೆ. ಮರದ ತಿರುಳಿನ ಸೆಲ್ಯುಲೋಸನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡಿನೊಡನೆ ಸೇರಿಸಿ ಜೇನಿನಂಥ ದ್ರವವನ್ನಾಗಿಸಿ, ಅದನ್ನು ಸಣ್ಣ ರಂಧ್ರಗಳ ಮೂಲಕ ಸಲ್ಫ್ಯೂರಿಕ್ ಆಮ್ಲದ ತೊಟ್ಟಿಗೆ ಹಾಯಿಸಿದಾಗ ರೇಷ್ಮೆಯಂತೆ ಹೊಳೆಯುವ ರೇಯಾನ್ ನೂಲು ಮೂಡುತ್ತದೆ. ಕಾರ್ಬನ್ ಡೈಸಲ್ಫೈಡ್ 46 ಡಿಗ್ರಿಯಲ್ಲಿ ಕುದಿಯುವ, ನರಮಂಡಲಕ್ಕೆ ಹಾನಿ ಮಾಡುವ, ಕಿಡಿಯೇ ಬೇಕಿಲ್ಲದೆ ಹಬೆಯ ಕೊಳವೆಯ ಬಿಸಿಗೇ ಹೊತ್ತಿಕೊಳ್ಳಬಲ್ಲ ದ್ರವ. ನೂಲಿನ ಹೊಳಪಿಗಿಂತ ಈ ದ್ರವದ ಗಾಳಿಯಲ್ಲಿನ ಪ್ರಮಾಣವೇ ಅಲ್ಲಿನ ರಸಾಯನಜ್ಞರ ಮೊದಲ ಚಿಂತೆಯಾಗಬೇಕಾದುದು ಸಹಜ.

ಈ ಪಟ್ಟಿ ಬೆಳೆದದ್ದು ಸರ್ಕಾರದ ಯೋಜನೆಯಿಂದ. ಎಂಐಡಿಸಿ ಎಂದು ಎಲ್ಲರೂ ಕರೆಯುವ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ 1962ರಲ್ಲಿ ಸ್ಥಾಪನೆಯಾಯಿತು. ಥಾಣೆ–ಬೇಲಾಪುರ ರಸ್ತೆಯಲ್ಲಿ ನೋಸಿಲ್ ಕಂಪನಿಯ ನಾಫ್ತಾ ಒಡೆಯುವ ಘಟಕ 1968ರಲ್ಲಿ ಕೆಲಸ ಆರಂಭಿಸಿತು. ನವಿಮುಂಬಯಿಯನ್ನು ಕಟ್ಟಿದ ಸಿಡ್ಕೋ ಹುಟ್ಟಿದ್ದು 1970ರಲ್ಲಿ. ಕಾರ್ಖಾನೆ ಮೊದಲು ಬಂದು ನಗರ ಆಮೇಲೆ ಬಂದ ಈ ಅನುಕ್ರಮವನ್ನು ಇಂದಿನ ವಿವಾದಗಳಲ್ಲಿ ಅನೇಕರು ಮರೆಯುತ್ತಾರೆ. ಬೇಕಾದ ಪರಿಣತರನ್ನು ಒದಗಿಸಿದ್ದು ಮುಖ್ಯವಾಗಿ ಮಾಟುಂಗದ ಸಂಸ್ಥೆ: 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ವಿಭಾಗವಾಗಿ ಆರಂಭವಾಗಿ, ವರ್ಣದ್ರವ್ಯಗಳ ತಜ್ಞ ಕೆ. ವೆಂಕಟರಾಮನ್ ಅವರನ್ನು 1938ರಲ್ಲಿ ಮೊದಲ ಭಾರತೀಯ ನಿರ್ದೇಶಕರನ್ನಾಗಿ ಪಡೆದು, ಬಹುಕಾಲ ಯುಡಿಸಿಟಿ ಎಂಬ ಹೆಸರಿನಿಂದ ಬಾಳಿ, 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ ಗಳಿಸಿದ ಇಂದಿನ ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಟೆಕ್ನಾಲಜಿ (ಐಸಿಟಿ). ಆದರೆ ಶಿಫ್ಟುಗಳನ್ನು ನಡೆಸುವವರಲ್ಲಿ ಹೆಚ್ಚಿನವರು ಕಲ್ಯಾಣದ ಬಿರ್ಲಾ ಕಾಲೇಜಿನಂಥ ಸ್ಥಳೀಯ ಕಾಲೇಜುಗಳಿಂದ ಬಿ.ಎಸ್ಸಿ., ಎಂ.ಎಸ್ಸಿ. ಮುಗಿಸಿ ಬಂದವರು. ಡೊಂಬಿವಲಿಯ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯದಂಥ ಶಾಲೆಗಳಲ್ಲಿ ಓದಿದ ಕನ್ನಡಿಗರ ಮಕ್ಕಳಿಗೂ ಈ ವೃತ್ತಿ ಮನೆಯ ಬಾಗಿಲಲ್ಲೇ ಇದೆ. ಮುಂಬಯಿ ಕನ್ನಡಿಗರೆಂದರೆ ಹೋಟೆಲು ಮತ್ತು ಬ್ಯಾಂಕು ಎಂಬ ರೂಢಿಯ ಚಿತ್ರದಲ್ಲಿ ರಸಾಯನ ಕಾರ್ಖಾನೆಗೆ ಏಕೋ ಜಾಗ ಸಿಕ್ಕಿಲ್ಲ.

ವೃತ್ತಿಯ ಆರಂಭ ಸಾಮಾನ್ಯವಾಗಿ ಟ್ರೈನಿ ಕೆಮಿಸ್ಟ್ ಹುದ್ದೆಯಿಂದ. ದಿನಕ್ಕೆ ಮೂರು ಶಿಫ್ಟುಗಳಲ್ಲಿ ಸರದಿಯಂತೆ ದುಡಿಯುತ್ತ, ಬ್ಯಾಚ್ ಶೀಟಿನಲ್ಲಿ ಗಂಟೆಗೊಮ್ಮೆ ಉಷ್ಣತೆ, ಒತ್ತಡಗಳನ್ನು ದಾಖಲಿಸುತ್ತ, ಮಾದರಿಯನ್ನು ಗುಣಮಟ್ಟ ಪರೀಕ್ಷಿಸುವ ಕ್ಯೂಸಿ ವಿಭಾಗಕ್ಕೆ ಕಳಿಸಿ ಫಲಿತಾಂಶ ಬಂದ ಮೇಲೆ ಮುಂದಿನ ಹೆಜ್ಜೆಗೆ ಅಪ್ಪಣೆ ಕೊಡುತ್ತ ಕಳೆಯುವ ಮೊದಲ ಮೂರು ನಾಲ್ಕು ವರ್ಷಗಳು ದಣಿವಿನವು. ಆದರೂ ಬೇರಾವ ತರಗತಿಯಲ್ಲಿಯೂ ಸಿಗದ ಶಿಕ್ಷಣ ಅದು. ರಾತ್ರಿ ಎರಡು ಗಂಟೆಗೆ ಕಲಕುವ ಮೋಟಾರು ನಿಂತಾಗ ಏನು ಮಾಡಬೇಕೆಂದು ಅರಿಯದವರು ಮುಂದೆ ಬರೆಯುವ ವಿಧಾನಗಳನ್ನು ಆಪರೇಟರುಗಳು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಅನಂತರ ದಾರಿಗಳು ಕವಲೊಡೆಯುತ್ತವೆ. ಕೆಲವರು ಶಿಫ್ಟ್ ಇನ್‌ಚಾರ್ಜ್ ಆಗಿ, ಪ್ರೊಡಕ್ಷನ್ ಮ್ಯಾನೇಜರರಾಗಿ ಪ್ಲಾಂಟಿನಲ್ಲಿಯೇ ಉಳಿಯುತ್ತಾರೆ, ಕೆಲವರು ಪಿಎಚ್.ಡಿ. ಮಾಡಿ ಸಂಶೋಧನಾ ವಿಭಾಗಕ್ಕೆ ಸೇರುತ್ತಾರೆ. ಇನ್ನು ಕೆಲವರು ಕೈಗಾರಿಕಾ ಸುರಕ್ಷತೆಯ ಡಿಪ್ಲೊಮಾ ಪಡೆದು ಸುರಕ್ಷಾ ಅಧಿಕಾರಿಗಳಾಗುತ್ತಾರೆ. ಸಂಶೋಧನೆಗೆ ತುರ್ಭೆಯ ಬಿಎಎಸ್‌ಎಫ್ ಕೇಂದ್ರ, ಮಹಾಪೆಯ ಔಷಧ ಪ್ರಯೋಗಾಲಯಗಳು, ತಳೋಜಾದ ಆದಿತ್ಯ ಬಿರ್ಲಾ ಕೇಂದ್ರಗಳಂಥವು ಇಲ್ಲಿಯೇ ಇವೆ. ಊರಿಗೆ ಮರಳಬಯಸುವ ಕನ್ನಡಿಗರಿಗೆ ಜಿಗಣಿ, ನಂಜನಗೂಡುಗಳ ಔಷಧ ಕಾರ್ಖಾನೆಗಳೂ ಮಂಗಳೂರಿನ ರಸಾಯನ ಘಟಕಗಳೂ ಇದೇ ಅನುಭವವನ್ನು ಕೇಳುತ್ತವೆ.

ಮಹಿಳೆಯರ ಪಾಲಿಗೆ ಈ ಏಣಿಯ ಕೆಳಗಿನ ಮೆಟ್ಟಿಲೇ ಬಹುಕಾಲ ಇಲ್ಲವಾಗಿತ್ತು. 1948ರ ಕಾರ್ಖಾನೆ ಕಾಯಿದೆಯ 66ನೆಯ ಕಲಮು ರಾತ್ರಿ ಪಾಳಿಯಲ್ಲಿ ಅವರ ದುಡಿಮೆಯನ್ನು ನಿರ್ಬಂಧಿಸಿದ್ದರಿಂದ ರಸಾಯನಶಾಸ್ತ್ರದ ಸ್ನಾತಕೋತ್ತರ ಪದವೀಧರೆಯರು ಕ್ಯೂಸಿಗೂ ಸಂಶೋಧನಾಲಯಕ್ಕೂ ಸೀಮಿತರಾದರು. ನಿರ್ಬಂಧ ಷರತ್ತುಗಳೊಡನೆ ಸಡಿಲವಾದ ಮೇಲೂ ಪ್ಲಾಂಟಿನ ಮುಖ್ಯಸ್ಥೆಯರು ಅಪರೂಪವಾಗಿರುವುದಕ್ಕೆ ಸಾಮರ್ಥ್ಯದ ಕೊರತೆಯಲ್ಲ, ಆ ತಪ್ಪಿಹೋದ ಶಿಫ್ಟಿನ ವರ್ಷಗಳೇ ಮುಖ್ಯ ಕಾರಣವೆನ್ನಬೇಕು.

ಇಂದು ಈ ವೃತ್ತಿಯನ್ನು ಅಳೆಯುವುದು ಕಾರ್ಖಾನೆಯ ಕಾಂಪೌಂಡಿನ ಹೊರಗೆ. ಒಂದು ಕಿಲೋ ಉತ್ಪನ್ನಕ್ಕೆ ಎಷ್ಟು ಕಿಲೋ ತ್ಯಾಜ್ಯ ಎಂಬ ಲೆಕ್ಕವನ್ನು ರೋಜರ್ ಶೆಲ್ಡನ್ ಅವರು 1992ರಲ್ಲಿ ಇ–ಫ್ಯಾಕ್ಟರ್ ಎಂಬ ಹೆಸರಿನಲ್ಲಿ ಮುಂದಿಟ್ಟಾಗ ಔಷಧ ಉದ್ಯಮದಲ್ಲಿ ಅದು 25ರಿಂದ 100ರವರೆಗೂ, ಕೆಲವೆಡೆ ಅದಕ್ಕೂ ಮೇಲೆ ಇರುವುದು ಕಂಡುಬಂದಿತು. ಸಾಮೂಹಿಕ ಶುದ್ಧೀಕರಣ ಘಟಕಗಳು ಹೊಲಸು ನೀರನ್ನು ಒಂದು ಮಿತಿಯವರೆಗೆ ಮಾತ್ರ ತಿಳಿಗೊಳಿಸಬಲ್ಲವು; ಏನು ಹೊರಬರಬೇಕೆಂಬುದು ಮಾರ್ಗವನ್ನು ಆರಿಸಿದ ದಿನವೇ ನಿಶ್ಚಯವಾಗಿರುತ್ತದೆ. 2017ರಲ್ಲಿ ತಳೋಜಾದ ಬೀದಿನಾಯಿಗಳ ಮೈ ನೀಲಿಯಾದದ್ದು, 2020ರಲ್ಲಿ ಡೊಂಬಿವಲಿಯ ರಸ್ತೆ ಗುಲಾಬಿ ಬಣ್ಣ ತಳೆದದ್ದು ದೇಶಕ್ಕೆಲ್ಲ ಸುದ್ದಿಯಾದವು. ಅದೇ ಡೊಂಬಿವಲಿ ಎಂಐಡಿಸಿಯಲ್ಲಿ 2016ರ ಮೇ 26ರ ಸ್ಫೋಟ 12 ಜನರನ್ನೂ 2024ರ ಮೇ 23ರ ಸ್ಫೋಟ ಹತ್ತಕ್ಕೂ ಹೆಚ್ಚು ಜನರನ್ನೂ ಬಲಿ ತೆಗೆದುಕೊಂಡವು. ಅಪಾಯಕಾರಿ ಘಟಕಗಳನ್ನು ಊರಾಚೆ ಸಾಗಿಸುವ ಮಾತು ಪ್ರತಿ ದುರಂತದ ನಂತರವೂ ಕೇಳಿಬರುತ್ತದೆ. ಥಾಣೆಯ ಕೋಲಶೇತದಲ್ಲಿ ಹಳೆಯ ವಿದೇಶಿ ಕಂಪನಿಗಳ ಪ್ಲಾಂಟುಗಳಿದ್ದ ನೆಲದಲ್ಲಿ ವಸತಿ ಗೋಪುರಗಳು ಈಗಾಗಲೇ ಎದ್ದಿವೆ. ಆದರೆ ಕಾರ್ಖಾನೆಯನ್ನು ಎಲ್ಲಿಗೆ ಒಯ್ದರೂ ಶಾಖದ ಲೆಕ್ಕ ಬದಲಾಗದು, ಅಲ್ಲಿಯೂ ಜನರಿರುತ್ತಾರೆ.

ದೊಡ್ಡ ಕಂಪನಿಗಳಲ್ಲಿ ಕ್ರಿಯೆಯ ಶಾಖವನ್ನು ಅಳೆಯುವ ಕ್ಯಾಲೊರಿಮೀಟರ್ ಉಪಕರಣಗಳಿವೆ. ಬಾಡಿಗೆಯ ಶೆಡ್ಡಿನಲ್ಲಿ ಎರಡು ರಿಯಾಕ್ಟರುಗಳನ್ನಿಟ್ಟು ನಡೆಯುವ ಸಣ್ಣ ಘಟಕಗಳಿಗೆ ಆ ವೆಚ್ಚ ಭಾರವೆನಿಸಿದರೂ, ಹೊರಗಿನ ಪ್ರಯೋಗಾಲಯಕ್ಕೆ ಹಣ ಕೊಟ್ಟಾದರೂ ಆ ಅಳತೆ ಮಾಡಿಸುವುದು ಅನಿವಾರ್ಯ. ಈ ಪಟ್ಟಿಯಲ್ಲಿ ಮೊದಲ ನೌಕರಿಗೆ ಹೋಗುವ ಎಂ.ಎಸ್ಸಿ. ಪದವೀಧರರು ಸಂಬಳವನ್ನು ವಿಚಾರಿಸುವಾಗಲೇ ಇನ್ನೆರಡು ಪ್ರಶ್ನೆಗಳನ್ನು ಕೇಳಬೇಕು: ತಾವು ನಡೆಸಲಿರುವ ಕ್ರಿಯೆಯ ಶಾಖವನ್ನು ಯಾರಾದರೂ ಅಳೆದಿದ್ದಾರೆಯೇ, ವಿದ್ಯುತ್ತು ಹೋದಾಗ ರಿಯಾಕ್ಟರಿಗೆ ತಂಪುನೀರು ಎಲ್ಲಿಂದ ಬರುತ್ತದೆ? ಇವಕ್ಕೆ ಉತ್ತರವಿಲ್ಲದ ಕಡೆ ಸೇರದಿರುವುದೇ ಲೇಸು.